ತಟ್ಟೆ ಲೆಕ್ಕ: ಅಡುಗೆಮನೆ ಖರ್ಚಿನಲ್ಲಿ ಯಾವುದನ್ನು ಆರಿಸಿಕೊಳ್ಳೋಣ?

ಹೋದ ವಾರ ದಿನಸಿ ಅಂಗಡಿಯಲ್ಲಿ ಒಬ್ಬ ಅಜ್ಜಿ ಎರಡು ಎಣ್ಣೆ ಪ್ಯಾಕೆಟ್ ಹಿಡಿದು ನಿಂತಿದ್ದರು. ಒಂದು 150 ರೂಪಾಯಿ, ಇನ್ನೊಂದು 138. "ಇದೇ ಇರಲಿ ಬಿಡಪ್ಪಾ" ಎಂದು ಕಡಿಮೆ ಬೆಲೆಯದನ್ನು ಚೀಲಕ್ಕೆ ಹಾಕಿಸಿಕೊಂಡು ಹೊರಟರು. ಅವರು ಒಯ್ದ ಪ್ಯಾಕೆಟ್‌ನಲ್ಲಿ ಇದ್ದದ್ದು 800 ಗ್ರಾಂ. ಬಿಟ್ಟು ಹೋದದ್ದರಲ್ಲಿ ಪೂರ್ತಿ ಒಂದು ಲೀಟರ್, ಅಂದರೆ ಸುಮಾರು 910 ಗ್ರಾಂ. ಹನ್ನೆರಡು ರೂಪಾಯಿ ಉಳಿಯಿತು ಅಂದುಕೊಂಡರು, ಆದರೆ ಹದಿನೆಂಟು ರೂಪಾಯಿಯ ಎಣ್ಣೆ ಕಡಿಮೆ ಬಂತು.

ಇದು ಅವರೊಬ್ಬರ ತಪ್ಪಲ್ಲ. ನಾವೆಲ್ಲ ನೋಡುವುದು ಪ್ಯಾಕೆಟ್ ಮೇಲಿನ ದಪ್ಪ ಅಕ್ಷರದ ಬೆಲೆಯನ್ನೇ. ಅದು ಅಂಗಡಿಯ ಲೆಕ್ಕ. ಮನೆಗೆ ಬೇಕಾಗಿರುವುದು ತಟ್ಟೆಯ ಲೆಕ್ಕ. ತಂದ ಸಾಮಾನಿನಲ್ಲಿ ಹಾಳಾಗಿದ್ದು ಎಷ್ಟು, ಅದನ್ನು ಬೇಯಿಸಲು ಗ್ಯಾಸ್ ಎಷ್ಟು ಹೋಯಿತು, ಕೊನೆಗೆ ಎಷ್ಟು ಜನರ ಹೊಟ್ಟೆ ತುಂಬಿತು, ಇಷ್ಟನ್ನೂ ಸೇರಿಸಿ ಒಂದು ತಟ್ಟೆಗೆ ಎಷ್ಟು ಬಿತ್ತು ಎಂದು ನೋಡಬೇಕು. ಹೀಗೆ ನೋಡಲು ಶುರು ಮಾಡಿದ ಮೇಲೆ ನಮ್ಮ ಮನೆಯಲ್ಲಿ ಅಗ್ಗ ಅಂದುಕೊಂಡಿದ್ದ ಎಷ್ಟೋ ಸಾಮಾನು ದುಬಾರಿಯಾಗಿ ಕಂಡವು. ದುಬಾರಿ ಅಂತ ದೂರ ಇಟ್ಟಿದ್ದ ಒಂದೆರಡು ಒಳಗೆ ಬಂದವು.

ನಮ್ಮದು ಮೈಸೂರಿನಲ್ಲಿ ನಾಲ್ಕು ಜನರ ಮನೆ. ಇಲ್ಲಿ ಹೇಳುವ ಬೆಲೆಗಳು ನಮ್ಮ ಬೀದಿಯವು, ಲೆಕ್ಕಕ್ಕೆ ಸುಲಭವಾಗಲಿ ಎಂದು ದುಂಡಾಗಿಸಿದ್ದೇನೆ. ನಿಮ್ಮೂರಿನ ಬೆಲೆ ಹಾಕಿ ನೋಡಿ. ಲೆಕ್ಕ ಹಾಕುವ ರೀತಿ ಮಾತ್ರ ಎಲ್ಲ ಕಡೆಯೂ ಒಂದೇ.

ಪ್ಯಾಕೆಟ್ ಹಿಟ್ಟೋ, ಮನೆಯಲ್ಲಿ ರುಬ್ಬಿದ್ದೋ?

ಇಡ್ಲಿ ದೋಸೆ ಹಿಟ್ಟಿನಿಂದಲೇ ಶುರು ಮಾಡುತ್ತೇನೆ. ಹೆಚ್ಚಿನ ಮನೆಗಳಲ್ಲಿ ತಿಂಗಳ ದುಡ್ಡು ಗೊತ್ತೇ ಆಗದ ಹಾಗೆ ಸೋರುವುದು ಇಲ್ಲಿಂದ.

ನಮ್ಮ ಬೀದಿಯಲ್ಲಿ ಒಂದು ಕೆಜಿ ಹಿಟ್ಟಿನ ಪ್ಯಾಕೆಟ್ 80 ರೂಪಾಯಿ. ಅದರಲ್ಲಿ ಹದಿನಾರು ಇಡ್ಲಿ ಆಗುತ್ತವೆ, ಅಂದರೆ ಇಡ್ಲಿಗೆ ಐದು ರೂಪಾಯಿ. ಈಗ ಮನೆಯಲ್ಲಿ ರುಬ್ಬಿದರೆ ಏನಾಗುತ್ತದೆ ನೋಡೋಣ. ಮೂರು ಲೋಟ ದೋಸೆ ಅಕ್ಕಿ, ಸುಮಾರು 600 ಗ್ರಾಂ. ಒಂದು ಲೋಟ ಉದ್ದಿನಬೇಳೆ, 200 ಗ್ರಾಂ. ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಅಕ್ಕಿಗೆ 27, ಬೇಳೆಗೆ 28, ಉಳಿದದ್ದಕ್ಕೆ 5. ಒಟ್ಟು 60 ರೂಪಾಯಿ. ನೀರು ಸೇರಿ ಎರಡು ಕೆಜಿ ಹಿಟ್ಟು ಬರುತ್ತದೆ. ಇಡ್ಲಿಗೆ ಎರಡು ರೂಪಾಯಿ ಕೂಡ ಬೀಳುವುದಿಲ್ಲ. ರೇಷನ್ ಅಕ್ಕಿ ಬರುವ ಮನೆಯಾದರೆ ಅದು ದೋಸೆಗೆ ಚೆನ್ನಾಗಿಯೇ ಆಗುತ್ತದೆ, ಖರ್ಚು ಇನ್ನೂ ಇಳಿಯುತ್ತದೆ.

ಕರೆಂಟಿನ ಚಿಂತೆ ಬೇಡ. ಮೇಜಿನ ಮೇಲೆ ಇಡುವ ಎರಡು ಲೀಟರ್ ಗ್ರೈಂಡರ್ 150 ವ್ಯಾಟ್ ಆಸುಪಾಸಿನದು. ಮುಕ್ಕಾಲು ಗಂಟೆ ತಿರುಗಿದರೂ ಒಂದು ಯೂನಿಟ್‌ನ ಎಂಟನೇ ಒಂದು ಭಾಗ ಸಾಕು.

ಹಾಗಾದರೆ ಎಲ್ಲರೂ ಗ್ರೈಂಡರ್ ತರಬೇಕಾ? ಇಲ್ಲ. ಇಲ್ಲಿ ಮನೆ ನೋಡಿ ತೀರ್ಮಾನ ಮಾಡಬೇಕು. ನಮ್ಮಲ್ಲಿ ವಾರಕ್ಕೆ ಎರಡು ಕೆಜಿ ಹಿಟ್ಟು ಬೇಕು. ಕೆಜಿಗೆ 50 ಉಳಿದರೆ ವಾರಕ್ಕೆ 100. ಐದು ಸಾವಿರದ ಗ್ರೈಂಡರ್ ಒಂದು ವರ್ಷದೊಳಗೆ ತನ್ನ ದುಡ್ಡು ತಾನೇ ದುಡಿದುಕೊಳ್ಳುತ್ತದೆ. ಇಬ್ಬರೇ ಇರುವ ಮನೆಯಲ್ಲಿ, ಅದೂ ವಾರಕ್ಕೆ ಒಂದೇ ದಿನ ಇಡ್ಲಿ ಮಾಡುವವರಿಗೆ, ಇದು ನಾಲ್ಕು ವರ್ಷದ ಮಾತು. ಅವರಿಗೆ ಮಿಕ್ಸಿಯೇ ಸಾಕು. ಮಿಕ್ಸಿ ಬಿಸಿಯಾದರೆ ಉದ್ದು ಉಬ್ಬುವುದಿಲ್ಲ, ಹಾಗಾಗಿ ಫ್ರಿಜ್‌ನ ತಣ್ಣನೆ ನೀರು ಹಾಕಿ, ಉದ್ದನ್ನೂ ಅಕ್ಕಿಯನ್ನೂ ಬೇರೆ ಬೇರೆ ರುಬ್ಬಿ, ನಡುವೆ ಸ್ವಲ್ಪ ಹೊತ್ತು ಬಿಡಿ. ಇಡ್ಲಿ ಗ್ರೈಂಡರ್‌ನಷ್ಟು ಹಗುರ ಬರುವುದಿಲ್ಲ. ದೋಸೆಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರುವವರಿಗೆ ಪ್ಯಾಕೆಟ್ ತರಬೇಡಿ ಎಂದು ನಾನು ಹೇಳುವುದಿಲ್ಲ. ಅವರ ಮನೆಯಲ್ಲಿ ಪ್ಯಾಕೆಟ್ ಹಿಟ್ಟು ಇಲ್ಲದ ದಿನ ಏನಾಗುತ್ತದೆ? ಹೋಟೆಲಿನಿಂದ ನಾಲ್ಕು ಪ್ಲೇಟ್ ಇಡ್ಲಿ ಬರುತ್ತದೆ. ಹೋಟೆಲಿನ ಪಕ್ಕ ಇಟ್ಟು ನೋಡಿದರೆ 80 ರೂಪಾಯಿ ಪ್ಯಾಕೆಟ್ ಬಹಳ ಅಗ್ಗ. ಒಂದು ವಸ್ತುವನ್ನು ಯಾವುದರ ಜೊತೆ ಹೋಲಿಸುತ್ತಿದ್ದೇವೆ ಅನ್ನುವುದು ನಮ್ಮ ಮನೆಯಲ್ಲಿ ನಿಜವಾಗಿ ನಡೆಯುವುದನ್ನು ನೋಡಿ ಗೊತ್ತಾಗಬೇಕು.

ಮೂರನೆಯ ದಾರಿಯೊಂದಿದೆ, ಅದು ನನಗೆ ಬಹಳ ಇಷ್ಟ. ಹುದುಗು ಬರುವ ತನಕ ಕಾಯಬೇಕಿಲ್ಲದ ತಿಂಡಿಗಳು. ನೀರುದೋಸೆಗೆ ರಾತ್ರಿ ನೆನೆಸಿದ ಅಕ್ಕಿ, ಒಂದು ಹಿಡಿ ತೆಂಗಿನಕಾಯಿ, ಉಪ್ಪು, ಅಷ್ಟೇ. ಮಿಕ್ಸಿಯಲ್ಲಿ ನುಣ್ಣಗೆ ಆಗುತ್ತದೆ, ಉದ್ದಿನಬೇಳೆಯ ಖರ್ಚೇ ಇಲ್ಲ. ಅಕ್ಕಿ ರೊಟ್ಟಿ, ಗೊಜ್ಜವಲಕ್ಕಿ, ಹಿಂದಿನ ದಿನದ ಅನ್ನದ ಚಿತ್ರಾನ್ನ, ಇವು ವಾರದಲ್ಲಿ ಮೂರು ದಿನ ಬಂದರೆ ಹಿಟ್ಟು ಯಾವುದು ಅನ್ನುವ ಪ್ರಶ್ನೆಯೇ ಚಿಕ್ಕದಾಗುತ್ತದೆ.

ತೊಗರಿಯೋ, ಬೇರೆ ಕಾಳೋ?

ತೊಗರಿಬೇಳೆಗೆ ಬೆಲೆ ಏರಿದಾಗಲೆಲ್ಲ ಮನೆಮನೆಯಲ್ಲೂ ಅದೇ ಮಾತು. ಕಲಬುರಗಿ ನಮ್ಮ ತೊಗರಿಯ ಕಣಜ, ಅಲ್ಲಿನ ಬೇಳೆಗೆ 2019ರಲ್ಲಿ ಆ ಊರಿನದೇ ಎಂದು ಗುರುತಿಸುವ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ರುಚಿಯಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ದಿನಾ ತೊಗರಿಯೇ ಆಗಬೇಕು ಅನ್ನುವುದು ಅಭ್ಯಾಸ ಅಷ್ಟೇ. ಹುರುಳಿ, ಅಲಸಂದೆ, ಹೆಸರು, ಕಡಲೆ, ಅವರೆ, ಎಲ್ಲವೂ ನಮ್ಮ ಹಿರಿಯರು ಉಂಡು ಬೆಳೆದವೇ. ಹುರುಳಿಯಲ್ಲಿ ಪ್ರೋಟೀನ್ ತೊಗರಿಯಷ್ಟೇ ಇದೆ, ನೂರು ಗ್ರಾಂಗೆ 22 ಗ್ರಾಂ ಹತ್ತಿರ.

ನಮ್ಮ ಅಂಗಡಿಯಲ್ಲಿ ತೊಗರಿಬೇಳೆ ಕೆಜಿಗೆ 130, ಹುರುಳಿ 80. ನಾಲ್ಕು ಜನರ ಒಂದು ಹೊತ್ತಿನ ಸಾರಿಗೆ ನೂರು ಗ್ರಾಂ ತೊಗರಿ ಹಾಕಿದರೆ 13 ರೂಪಾಯಿ. ಹುರುಳಿ ಹಾಕಿದರೆ 8. ಐದು ರೂಪಾಯಿ ವ್ಯತ್ಯಾಸಕ್ಕೆ ಇಷ್ಟು ಮಾತು ಬೇಕಾ ಅನಿಸಬಹುದು. ಲಾಭ ಇರುವುದು ಅಲ್ಲಲ್ಲ. ತೊಗರಿ ಸಾರು ಮಾಡಿದರೆ ಪಕ್ಕಕ್ಕೆ ಪಲ್ಯಕ್ಕೆ ಬೇರೆ ತರಕಾರಿ ಬೇಕು. ಹುರುಳಿ ಒಂದೇ ಸಲ ಬೆಂದು ಎರಡೂ ಆಗುತ್ತದೆ.

ಹಳೇ ಮೈಸೂರು ಕಡೆಯವರಿಗೆ ಬಸ್ಸಾರು ಹೇಳಿಕೊಡಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಾತ್ರಿ ಒಂದು ಲೋಟ ಹುರುಳಿ ನೆನೆಸಿ. ಕಲ್ಲು ಇರುತ್ತದೆ, ಜಾಲಿಸಿ ತೊಳೆಯಿರಿ. ಬೆಳಿಗ್ಗೆ ಧಾರಾಳವಾಗಿ ನೀರು ಹಾಕಿ ಕುಕ್ಕರ್‌ನಲ್ಲಿ ಬೇಯಿಸಿ. ಮುಚ್ಚಳ ತೆಗೆದಾಗ ಕಾಳು ಬೆರಳಲ್ಲಿ ಒತ್ತಿದರೆ ಮೇಣದ ಹಾಗೆ ಅಮುಕಬೇಕು, ಆದರೆ ಒಡೆದಿರಬಾರದು. ಈಗ ಹೆಚ್ಚಿದ ದಂಟಿನ ಸೊಪ್ಪನ್ನು ಅದರಲ್ಲೇ ಹಾಕಿ ಐದು ನಿಮಿಷ ಕುದಿಸಿ, ತೂತಿನ ತಟ್ಟೆ ಇಟ್ಟು ಬಸಿಯಿರಿ. ಕೆಳಗೆ ಇಳಿಯುವ ಕೆಂಗಂದು ಬಣ್ಣದ ನೀರೇ ಕಟ್ಟು. ಮೇಲೆ ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿಯ ಒಗ್ಗರಣೆ ಕೊಟ್ಟು, ಮೇಲೆ ಕಾಯಿತುರಿ ಉದುರಿಸಿದರೆ ಪಲ್ಯ. ಸಾರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಸಾರಿನ ಪುಡಿ, ಹುಣಸೆಹಣ್ಣು, ಚೂರು ಕಾಯಿ ಇವುಗಳ ಜೊತೆ ಎರಡು ಸೌಟು ಬೆಂದ ಕಾಳನ್ನೂ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿ. ಆ ಎರಡು ಸೌಟು ಕಾಳೇ ಸಾರಿಗೆ ಮೈ ಕೊಡುವುದು. ಅದು ಇದ್ದರೆ ತೆಂಗಿನಕಾಯಿ ಅರ್ಧ ಹೋಳು ಹಾಕುವ ಕಡೆ ಒಂದು ಹಿಡಿ ಸಾಕಾಗುತ್ತದೆ.

ಮಾರನೇ ದಿನ ಆ ಸಾರು ಇನ್ನೂ ರುಚಿ. ಹಾಗಾಗಿ ನಾನು ಇದನ್ನು ಎರಡು ಹೊತ್ತಿಗೆ ಆಗುವಷ್ಟು ಮಾಡುತ್ತೇನೆ. 200 ಗ್ರಾಂ ಹುರುಳಿ 16 ರೂಪಾಯಿ, ಒಂದು ಕಟ್ಟು ಸೊಪ್ಪು, ಒಂದೇ ಸಲದ ಗ್ಯಾಸ್. ಎರಡು ಹೊತ್ತಿನ ಸಾರು, ಒಂದು ಹೊತ್ತಿನ ಪಲ್ಯ. ಮುದ್ದೆ ಇದ್ದರಂತೂ ಬೇರೆ ಏನೂ ಕೇಳುವುದಿಲ್ಲ ನಮ್ಮ ಮಕ್ಕಳು.

ಒಂದು ಎಚ್ಚರಿಕೆ. ನೆನೆಸದೆ ಹುರುಳಿ ಬೇಯಿಸಲು ಹೋದರೆ ಬೇಳೆಯಲ್ಲಿ ಉಳಿದ ದುಡ್ಡು ಗ್ಯಾಸ್‌ಗೆ ಹೋಗುತ್ತದೆ. ಮರೆವು ಇರುವವರು ಇದಕ್ಕಿಂತ ಚನ್ನಂಗಿ ಬೇಳೆ ಅಥವಾ ಹೆಸರುಬೇಳೆ ಇಟ್ಟುಕೊಳ್ಳುವುದು ಒಳ್ಳೆಯದು. ಎರಡೂ ನೆನೆಸದೆಯೂ ಬೇಗ ಬೇಯುತ್ತವೆ. ಕೆಜಿಗೆ ಹುರುಳಿಗಿಂತ ಬೆಲೆ ಜಾಸ್ತಿ ಇದ್ದರೂ ತಟ್ಟೆಗೆ ಬಂದಾಗ ಸರಿಹೋಗುತ್ತದೆ.

ಸಗಟಾಗಿ ತರಬೇಕಾ?

ನಾನು ಒಮ್ಮೆ ರಿಯಾಯಿತಿ ನೋಡಿ ಹತ್ತು ಕೆಜಿ ತೊಗರಿಬೇಳೆ ತಂದಿದ್ದೆ. ಕೆಜಿಗೆ ಎಂಟು ರೂಪಾಯಿ ಕಡಿಮೆ ಸಿಕ್ಕಿತ್ತು. ಅದು ಆಷಾಢದ ಮಳೆಗಾಲ. ಎರಡು ತಿಂಗಳಲ್ಲಿ ಡಬ್ಬದ ತುಂಬ ಹುಳು. ಬಿಸಿಲೂ ಇರಲಿಲ್ಲ ಒಣಗಿಸೋಣ ಅಂದರೆ. ಮೂರು ಕೆಜಿಯಷ್ಟು ಎಸೆಯಬೇಕಾಯಿತು. ಉಳಿಸಿದ್ದು 80, ಕಳೆದುಕೊಂಡದ್ದು ಮುನ್ನೂರರ ಮೇಲೆ.

ಅಂದಿನಿಂದ ಸಾಮಾನನ್ನು ಮೂರು ಪಾಲು ಮಾಡಿಕೊಂಡಿದ್ದೇನೆ. ಹುಣಸೆಹಣ್ಣು, ಒಣಮೆಣಸಿನಕಾಯಿ ಬೇಸಿಗೆಯಲ್ಲಿ ಹೊಸದು ಬಂದಾಗ ವರ್ಷಕ್ಕಾಗುವಷ್ಟು ತಂದು, ಒಣಗಿಸಿ ಇಡುತ್ತೇನೆ. ಇಡೀ ರಾಗಿ ಕೂಡ ಸಗಟಾಗಿ ತರಬಹುದು. ಹಿಂದಿನವರು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಇಡುತ್ತಿದ್ದರು ಅಂದಮೇಲೆ ನಮ್ಮ ಡ್ರಮ್ಮಿನಲ್ಲಿ ಆರು ತಿಂಗಳು ಇರುವುದು ಏನು ದೊಡ್ಡದು? ಆದರೆ ಮಿಲ್‌ಗೆ ಹಾಕಿಸುವುದು ತಿಂಗಳಿಗೆ ಬೇಕಾದಷ್ಟು ಮಾತ್ರ. ಅಕ್ಕಿ, ಬೇಳೆ, ಸಕ್ಕರೆ ತಿಂಗಳಿಗೊಮ್ಮೆ. ರವೆ, ಮೈದಾ, ಕಡಲೆಹಿಟ್ಟು ಅರ್ಧ ಅರ್ಧ ಕೆಜಿ. ಮೈಸೂರಿನವರಿಗೆ ಸಂತೆಪೇಟೆ ಇದೆ, ಅಲ್ಲಿ ತಿಂಗಳ ಸಾಮಾನು ತಂದರೆ ಬೀದಿ ಅಂಗಡಿಗಿಂತ ಕಡಿಮೆಗೆ ಬರುತ್ತದೆ. ಆಟೋಗೆ 150 ಕೊಟ್ಟು ಬರುವಂತಿದ್ದರೆ ಮಾತ್ರ ಆ ಲಾಭ ಆಟೋದವರಿಗೆ ಹೋಗುತ್ತದೆ. ಬಸ್ಸಲ್ಲಿ ಹೋಗಿ ಬರಲು ಆಗುವವರಿಗೆ, ಇಲ್ಲವೇ ಎರಡು ಮನೆಯವರು ಸೇರಿ ತರುವವರಿಗೆ ಇದು ಸರಿ.

ಪ್ಯಾಕೆಟ್ ಸಾಮಾನಿಗೆ ಇನ್ನೊಂದು ಸುಲಭದ ದಾರಿ ಇದೆ. ಎಂಆರ್‌ಪಿ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಒಂದು ಗ್ರಾಂಗೆ ಅಥವಾ ಒಂದು ಮಿಲಿಗೆ (ದೊಡ್ಡ ಪ್ಯಾಕೆಟ್ ಆದರೆ ಕೆಜಿಗೆ ಅಥವಾ ಲೀಟರಿಗೆ) ಎಷ್ಟು ಬೆಲೆ ಎಂದು ಮುದ್ರಿಸಿರುತ್ತಾರೆ. ಹಾಗೆ ಮುದ್ರಿಸಬೇಕು ಅನ್ನುವ ನಿಯಮವೇ ಇದೆ. ಎರಡು ಪ್ಯಾಕೆಟ್‌ಗಳ ಆ ಸಣ್ಣ ಅಂಕಿಯನ್ನು ಮಾತ್ರ ಒಂದೇ ಅಳತೆಗೆ ತಂದು ಹೋಲಿಸಿ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಂದುಕೊಳ್ಳಬೇಡಿ. ಬಿಸ್ಕತ್ತು, ಸೋಪಿನ ಪುಡಿಯಲ್ಲಿ ಸಣ್ಣ ಪ್ಯಾಕೆಟ್ಟೇ ಅಗ್ಗವಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂಗಡಿಯಲ್ಲಿ ಆ ಅಜ್ಜಿಗೆ ತೋರಿಸಬೇಕು ಅಂದುಕೊಂಡದ್ದೂ ಇದನ್ನೇ.

ಗ್ಯಾಸೋ, ಇಂಡಕ್ಷನ್ನೋ?

ಇದಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಲೆಕ್ಕ ಹಾಕಿದರೆ ಅಷ್ಟು ಗೊಂದಲವಿಲ್ಲ.

ಮನೆಬಳಕೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಒಂದು ಕೆಜಿ ಗ್ಯಾಸ್‌ನಲ್ಲಿರುವ ಶಾಖ ಹನ್ನೆರಡೂವರೆ ಯೂನಿಟ್ ಕರೆಂಟಿಗಿಂತ ಸ್ವಲ್ಪ ಜಾಸ್ತಿ. ಒಲೆಯ ಉರಿಯಲ್ಲಿ ಮೂರನೇ ಒಂದು ಪಾಲು ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ. ಇಂಡಕ್ಷನ್‌ನಲ್ಲಿ ವ್ಯರ್ಥವಾಗುವುದು ಐದರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ. ಎಲ್ಲ ಸೇರಿಸಿದರೆ ಒಂದು ಸಿಲಿಂಡರ್ ಮಾಡುವ ಕೆಲಸವನ್ನು ಇಂಡಕ್ಷನ್ ಸುಮಾರು 140 ಯೂನಿಟ್‌ನಲ್ಲಿ ಮಾಡುತ್ತದೆ.

ಈಗ ನಿಮ್ಮ ಸಿಲಿಂಡರ್ ಬೆಲೆಯನ್ನು 140ರಿಂದ ಭಾಗಿಸಿ. 900 ರೂಪಾಯಿ ಆದರೆ 6 ರೂಪಾಯಿ 40 ಪೈಸೆ ಬರುತ್ತದೆ. ನಿಮ್ಮ ಕರೆಂಟು ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ ಇದಕ್ಕಿಂತ ಕಡಿಮೆ ಬಿದ್ದರೆ ಇಂಡಕ್ಷನ್ ಅಗ್ಗ, ಜಾಸ್ತಿ ಬಿದ್ದರೆ ಗ್ಯಾಸ್ ಅಗ್ಗ. ಹೆಚ್ಚಿನ ಮನೆಗಳಲ್ಲಿ ಎರಡೂ ಹತ್ತಿರ ಹತ್ತಿರ ಬರುತ್ತವೆ. ಬರೀ ಉಳಿತಾಯಕ್ಕೆ ಅಂತ ಹೊಸ ಇಂಡಕ್ಷನ್, ಹೊಸ ಪಾತ್ರೆ ಎಲ್ಲ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಆದರೆ ಕರ್ನಾಟಕದಲ್ಲಿ ಒಂದು ಬೇರೆ ಲೆಕ್ಕ ಸೇರುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಹೆಚ್ಚಿನ ಮನೆಗಳಿಗೆ ಉಚಿತ ಯೂನಿಟ್ ನಿಗದಿ ಮಾಡಿದ್ದಾರೆ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ಹಾಗಾಗಿ ಮೊದಲು ಬಿಲ್ ತೆಗೆದು ನೋಡಿ. ನಿಮಗೆ 110 ಯೂನಿಟ್ ಇದ್ದು ನೀವು ಬಳಸುವುದು 85 ಆದರೆ ತಿಂಗಳಿಗೆ 25 ಯೂನಿಟ್ ಸುಮ್ನೆ ಬಿಟ್ಟುಕೊಡುತ್ತಿದ್ದೀರಿ ಅಂತ ಅರ್ಥ. ಆ 25 ಯೂನಿಟ್‌ನಲ್ಲಿ ಹಾಲು, ಕಾಫಿ ನೀರು, ಅನ್ನದ ಕುಕ್ಕರ್ ಮಾಡಿಕೊಂಡರೆ ಸಿಲಿಂಡರ್‌ನ ಆರನೇ ಒಂದು ಪಾಲಿಗಿಂತ ಜಾಸ್ತಿ ಗ್ಯಾಸ್ ಉಳಿಯುತ್ತದೆ. 900ರ ಸಿಲಿಂಡರ್‌ನಲ್ಲಿ ಅದು ತಿಂಗಳಿಗೆ 160 ರೂಪಾಯಿ. ಅದೇ ನೀವು 180 ಯೂನಿಟ್ ಬಳಸುವವರಾದರೆ ಇಂಡಕ್ಷನ್ ಕಡೆ ಹೋಗಲೇಬೇಡಿ. 200ರ ಗೆರೆ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ.

ಮುದ್ದೆಗೆ ಮಾತ್ರ ಗ್ಯಾಸೇ ಸರಿ. ಕೋಲು ಹಾಕಿ ತಿರುವುವಾಗ ಇಂಡಕ್ಷನ್ ಮೇಲಿನ ಪಾತ್ರೆ ಜಾರುತ್ತದೆ, ಗಾಜಿನ ಮೇಲೆ ಬಲ ಹಾಕಲು ಭಯ. ಹಿಂಡಾಲಿಯಂ ಪಾತ್ರೆಗಳು ಇಂಡಕ್ಷನ್‌ಗೆ ಆಗುವುದಿಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸಿರುವ ಅಯಸ್ಕಾಂತವನ್ನು ಪಾತ್ರೆಯ ತಳಕ್ಕೆ ಹಿಡಿದು ನೋಡಿ, ಕಚ್ಚಿಕೊಂಡರೆ ಆಗುತ್ತದೆ. ಗ್ಯಾಸ್ ಉಳಿಸುವ ವಿಷಯದಲ್ಲಿ ಒಲೆ ಬದಲಿಸುವುದಕ್ಕಿಂತ ಮುಂಚೆ ಮಾಡಬೇಕಾದದ್ದು ಎರಡೇ. ಬೇಳೆಯನ್ನು ಅರ್ಧ ಗಂಟೆ ನೆನೆಸಿ ಇಡಿ. ಮೊದಲ ವಿಷಲ್ ಬಂದ ಕೂಡಲೇ ಉರಿ ಸಣ್ಣದು ಮಾಡಿ.

ಎಣ್ಣೆ, ಹಾಲು, ಮೊಸರು

ಗಾಣದ ಕಡಲೆಕಾಯಿ ಎಣ್ಣೆ ರಿಫೈಂಡ್ ಸೂರ್ಯಕಾಂತಿ ಎಣ್ಣೆಯ ಎರಡರಷ್ಟು ಬೆಲೆ. ಎಲ್ಲಕ್ಕೂ ಅದನ್ನೇ ಬಳಸುವುದು ನಮ್ಮಂಥವರಿಗೆ ಕಷ್ಟ. ನಾವು ಒಗ್ಗರಣೆ, ಹುರಿಯುವುದಕ್ಕೆ ರಿಫೈಂಡ್ ಇಟ್ಟುಕೊಂಡು, ಚಟ್ನಿಪುಡಿಗೆ, ಮಂಡಕ್ಕಿಗೆ, ಬಿಸಿ ಅನ್ನಕ್ಕೆ ಹಾಕಿಕೊಳ್ಳಲು ಗಾಣದ್ದು ತರುತ್ತೇವೆ. ಪರಿಮಳ ಬೇಕಾಗುವುದು ಅಲ್ಲೇ ಅಲ್ವಾ? ಯಾವ ಎಣ್ಣೆ ಅನ್ನುವುದಕ್ಕಿಂತ ಎಷ್ಟು ಎಣ್ಣೆ ಅನ್ನುವುದೇ ದೊಡ್ಡ ವಿಷಯ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಂದು ನಾವು ಗೊತ್ತು ಮಾಡಿಕೊಂಡಿದ್ದೇವೆ. ಪ್ರತಿ ಭಾನುವಾರ ಅರ್ಧ ಲೀಟರ್ ಸ್ಟೀಲ್ ಜಗ್‌ಗೆ ತುಂಬಿಸಿ ಒಲೆ ಪಕ್ಕ ಇಡುತ್ತೇನೆ. ಶುಕ್ರವಾರಕ್ಕೇ ತಳ ಕಂಡರೆ ಶನಿವಾರ ಉಪ್ಪಿಟ್ಟು ಬಿಟ್ಟು ಇಡ್ಲಿ.

ಮೊಸರನ್ನು ಯಾವಾಗಲೂ ಮನೆಯಲ್ಲೇ ಮಾಡಿ, ಇದರಲ್ಲಿ ಹೋಲಿಕೆಗೆ ಏನೂ ಇಲ್ಲ. ಒಂದು ಲೀಟರ್ ಹಾಲು ಒಂದು ಕೆಜಿ ಮೊಸರಾಗುತ್ತದೆ, ಪ್ಯಾಕೆಟ್ ಮೊಸರಿಗೆ ಹಾಲಿಗಿಂತ ಬೆಲೆ ಜಾಸ್ತಿ. ಚಳಿಗಾಲದಲ್ಲಿ ಹೆಪ್ಪಾಗದಿದ್ದರೆ ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಇಡಿ.

ಹಾಲಿನಲ್ಲಿ ಮಾತ್ರ ಯೋಚಿಸುವಂಥದ್ದಿದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5. ಲೀಟರ್‌ಗೆ 15 ಗ್ರಾಂ ಬೆಣ್ಣೆಯಂಶ ಜಾಸ್ತಿ. ತುಪ್ಪ ಕೆಜಿಗೆ 700 ಅಂತಾದರೆ ಆ 15 ಗ್ರಾಂಗೆ ಹತ್ತು ರೂಪಾಯಿ. ಎರಡು ಹಾಲಿನ ನಡುವಿನ ಬೆಲೆ ವ್ಯತ್ಯಾಸ ಹತ್ತಕ್ಕಿಂತ ಕಡಿಮೆ ಇದ್ದು, ನೀವು ಕೆನೆ ತೆಗೆದಿಟ್ಟು ಬೆಣ್ಣೆ ಕಡೆಯುವವರಾದರೆ ಗಟ್ಟಿ ಹಾಲು ನಷ್ಟವಲ್ಲ. ಕೆನೆ ತೆಗೆಯದೆ ಕಾಫಿಗೇ ಸುರಿಯುವ ಮನೆಗೆ ಟೋನ್ಡ್ ಸಾಕು.

ತರಕಾರಿ ಎಲ್ಲಿಂದ?

ಕೈಗಾಡಿ, ಮಾರುಕಟ್ಟೆ, ಹಾಪ್‌ಕಾಮ್ಸ್, ಮೊಬೈಲಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಬರುವ ಆ್ಯಪ್. ನಾಲ್ಕನ್ನೂ ನಾವು ಬಳಸಿದ್ದೇವೆ.

ಆ್ಯಪ್‌ನಲ್ಲಿ ಬದನೆಕಾಯಿ ಬೆಲೆ ಹೆಚ್ಚೇನೂ ಇರುವುದಿಲ್ಲ, ಕೆಲವು ಸಲ ಮಾರುಕಟ್ಟೆಗಿಂತ ಕಡಿಮೆಯೇ ಇರುತ್ತದೆ. ದುಡ್ಡು ಹೋಗುವುದು ಬೇರೆ ಕಡೆ. ಡೆಲಿವರಿ ಉಚಿತ ಆಗಬೇಕಾದರೆ ಇನ್ನೂ 60 ರೂಪಾಯಿಯ ಸಾಮಾನು ಹಾಕಿ ಅನ್ನುತ್ತದೆ. ಅರ್ಧ ಕೆಜಿ ಬದನೆಕಾಯಿ ಬೇಕಿದ್ದವರ ಮನೆಗೆ ಚಿಪ್ಸ್, ಬಿಸ್ಕತ್ತು ಬರುತ್ತದೆ. ಜ್ವರ ಬಂದ ದಿನ, ಮಳೆ ಹಿಡಿದ ದಿನ ಅದು ನಿಜವಾಗಿಯೂ ಉಪಕಾರ. ದಿನದ ಅಭ್ಯಾಸವಾದರೆ ತಿಂಗಳ ಲೆಕ್ಕ ತಪ್ಪುತ್ತದೆ.

ಮಾರುಕಟ್ಟೆಗೆ ವಾರಕ್ಕೆ ಎರಡು ಸಲ, ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಹೋಗುವುದು ನನಗೆ ಸರಿ ಕಂಡಿದೆ. ಬೆಳಗಿನ ಬೆಲೆಗೂ ಆಗಿನ ಬೆಲೆಗೂ ಬಹಳ ವ್ಯತ್ಯಾಸ. ಆದರೆ ಸಂಜೆಯ ಸೊಪ್ಪು ಬಾಡಿರುತ್ತದೆ, ಅದನ್ನು ತರಬೇಡಿ. ಸೊಪ್ಪನ್ನು ಬೆಳಿಗ್ಗೆ ಬೀದಿಯಲ್ಲಿ ಬರುವ ಕೈಗಾಡಿಯವರಿಂದ, ಆ ದಿನಕ್ಕೆ ಬೇಕಾದಷ್ಟೇ ತೆಗೆದುಕೊಳ್ಳಿ. ಕಟ್ಟಿಗೆ ಎರಡು ರೂಪಾಯಿ ಜಾಸ್ತಿ ಇದ್ದರೂ ಪೂರ್ತಿ ತಟ್ಟೆಗೆ ಬರುತ್ತದೆ. ಎರಡು ರೂಪಾಯಿಗೆ ಅವರ ಹತ್ತಿರ ಚೌಕಾಸಿ ಮಾಡುವುದು ನನಗೆ ಇಷ್ಟವಿಲ್ಲ. ಹಾಪ್‌ಕಾಮ್ಸ್ 1959ರಿಂದ ಇರುವ ರೈತರ ಸಹಕಾರ ಸಂಘ, ಬೆಲೆ ಹಲಗೆಯ ಮೇಲೆ ಬರೆದಿರುತ್ತಾರೆ, ತೂಕದಲ್ಲಿ ಅನುಮಾನ ಬೇಡ. ಹಣ್ಣಿಗೆ ನಾವು ಅಲ್ಲಿಗೇ ಹೋಗುತ್ತೇವೆ.

ಎಲ್ಲಿಂದ ತಂದರೂ ಫ್ರಿಜ್ಜಿನಲ್ಲಿ ಕೊಳೆತದ್ದೇ ಅತಿ ದುಬಾರಿ ತರಕಾರಿ. 40 ರೂಪಾಯಿಯ ಬೀನ್ಸ್‌ನಲ್ಲಿ ಕಾಲು ಭಾಗ ಎಸೆದರೆ ಉಳಿದದ್ದಕ್ಕೆ ಕೆಜಿ ಬೆಲೆ ಮೂರನೇ ಒಂದರಷ್ಟು ಏರಿದ ಹಾಗೆ. ಗುರುವಾರ ಸಂಜೆ ಉಳಿದ ಚೂರುಪಾರು ತರಕಾರಿಯೆಲ್ಲ ಸೇರಿಸಿ ನಮ್ಮಲ್ಲಿ ಒಂದು ಕೂಟು ಆಗುತ್ತದೆ. ಶುಕ್ರವಾರ ಹೊಸದು ಬರುವ ಮುಂಚೆ ಫ್ರಿಜ್ಜಿನ ತಟ್ಟೆ ಖಾಲಿ.

ದುಡ್ಡನ್ನು ಹಿಡಿಯುವುದು ಹೇಗೆ: ಡಬ್ಬಿ, ಪುಸ್ತಕ, ಇಲ್ಲ ಇನ್ನೊಂದು ಖಾತೆ?

ಇಷ್ಟೆಲ್ಲ ಮಾಡಿ ತಿಂಗಳಿಗೆ ಸಾವಿರ ರೂಪಾಯಿ ಉಳಿಯಿತು ಅಂದುಕೊಳ್ಳಿ. ತಿಂಗಳ ಕೊನೆಗೆ ಹುಡುಕಿದರೆ ಆ ಸಾವಿರ ಕಾಣುವುದಿಲ್ಲ. ನಮಗೆ ಮೊದಲ ಆರು ತಿಂಗಳು ಹೀಗೇ ಆಯಿತು. ಹಿಟ್ಟಿನಲ್ಲಿ ಉಳಿದದ್ದು ಸಂಜೆಯ ಪಾನಿಪುರಿಯಲ್ಲಿ ಹೋಗಿತ್ತು.

ಡಬ್ಬಿ ಹಳೆಯ ದಾರಿ. ಸಂಬಳ ಬಂದ ದಿನ ದಿನಸಿ, ಹಾಲು, ತರಕಾರಿ, ಗ್ಯಾಸ್ ಎಂದು ಬೇರೆ ಬೇರೆ ಡಬ್ಬಿಗೆ ನೋಟು ಹಾಕಿ ಇಡುವುದು. ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದ ನೋಟಿಗೆ ಯಾವಾಗಲೂ ಸಾಸಿವೆಯ ವಾಸನೆ. ಡಬ್ಬಿ ಖಾಲಿಯಾದರೆ ಖರ್ಚು ನಿಲ್ಲಲೇಬೇಕು, ಇದರ ಬಲವೇ ಅದು. ದಿನಗೂಲಿ, ವಾರದ ಬಟವಾಡೆ ಇರುವ ಮನೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಈಗ ಕೊತ್ತಂಬರಿ ಕಟ್ಟಿಗೂ ಮೊಬೈಲ್ ತೋರಿಸುತ್ತೇವೆ. ನೋಟು ಡಬ್ಬಿಯಲ್ಲೇ ಉಳಿದು ಖಾತೆ ಖಾಲಿಯಾಗುತ್ತದೆ.

ಪುಸ್ತಕದಲ್ಲಿ ಬರೆದಿಡುವುದರಿಂದ ಖರ್ಚು ತಾನಾಗಿ ಕಡಿಮೆ ಆಗುವುದಿಲ್ಲ, ಎಲ್ಲಿ ಹೋಯಿತು ಅನ್ನುವುದು ಮಾತ್ರ ತಿಳಿಯುತ್ತದೆ. ಅದೂ ಬೇಕು. ಮೂರು ತಿಂಗಳು ಬಿಡದೆ ಬರೆಯಿರಿ, ನಿಮ್ಮ ಮನೆಯ ಸೋರಿಕೆ ಎಲ್ಲಿ ಅಂತ ಸಿಗುತ್ತದೆ. ಆಮೇಲೆ ಬಿಟ್ಟರೂ ಪರವಾಗಿಲ್ಲ.

ನಾವು ಈಗ ಮಾಡುತ್ತಿರುವುದು ಮೂರನೆಯದು. ಇನ್ನೊಂದು ಸೇವಿಂಗ್ಸ್ ಖಾತೆ ಇದೆ. ಒಂದನೇ ತಾರೀಕು ಮನೆಖರ್ಚಿನ ದುಡ್ಡು ಅಲ್ಲಿಗೆ ಹೋಗುತ್ತದೆ. ಇಬ್ಬರ ಮೊಬೈಲ್‌ನಲ್ಲೂ ಅಂಗಡಿಗೆ ಕೊಡುವುದು ಆ ಖಾತೆಯಿಂದ ಮಾತ್ರ. ಸಂಬಳದ ಖಾತೆಯನ್ನು ಯುಪಿಐಗೆ ಜೋಡಿಸಿಯೇ ಇಲ್ಲ. ಇಪ್ಪತ್ತನೇ ತಾರೀಕು ಎಷ್ಟು ಉಳಿದಿದೆ ನೋಡಿದರೆ ಕೊನೆಯ ಹತ್ತು ದಿನ ಹೇಗೆ ನಡೆಸಬೇಕು ಎಂದು ಗೊತ್ತಾಗುತ್ತದೆ. ಡಬ್ಬಿಯ ಬಲ ಇದಕ್ಕೂ ಇದೆ. ಕನಿಷ್ಠ ಬ್ಯಾಲೆನ್ಸ್ ಇಡಬೇಕಿಲ್ಲದ ಖಾತೆಯನ್ನೇ ತೆರೆಯಿರಿ, ಇಲ್ಲವಾದರೆ ದಂಡ ಬೀಳುತ್ತದೆ.

ಉಳಿದದ್ದಕ್ಕೆ ಚೀಟಿಯೋ, ಆರ್‌ಡಿಯೋ? ಒಂದೇ ಸಲ ದೊಡ್ಡ ಮೊತ್ತ ಬೇಕಾಗುವವರಿಗೆ ಚೀಟಿ ಅನುಕೂಲ, ಆದರೆ ನೋಂದಾಯಿತ ಚೀಟಿಯಲ್ಲೇ ಸೇರಿ. ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯಲ್ಲಿ ಪರಿಚಯದವರು ಬಾಯಿಮಾತಿನಲ್ಲಿ ನಡೆಸುವ ಚೀಟಿ ಬೇಡವೇ ಬೇಡ. ಅವಸರವಿಲ್ಲದವರಿಗೆ ಅಂಚೆ ಕಚೇರಿಯ ಆರ್‌ಡಿ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಐದು ವರ್ಷದ್ದು. 2025ರಲ್ಲಿ ಬಡ್ಡಿ ಶೇ 6.7 ಇತ್ತು. ಆ ದರದಲ್ಲಿ ತಿಂಗಳಿಗೆ 500 ಕಟ್ಟಿದರೆ, ಕಟ್ಟಿದ 30,000 ಐದು ವರ್ಷಕ್ಕೆ 35,000 ದಾಟುತ್ತದೆ.

ಉಳಿತಾಯವನ್ನು ಕಣ್ಣಿಗೆ ಕಾಣುವ ಹಾಗೆ ಮಾಡಲು ನಮ್ಮಲ್ಲಿ ಈಗಲೂ ಒಂದು ಸಾಸಿವೆ ಡಬ್ಬಿ ಇದೆ. ಹಿಟ್ಟು ರುಬ್ಬಿದ ದಿನ ಅದಕ್ಕೆ ನೂರು ರೂಪಾಯಿ. ಬಸ್ಸಾರು ಮಾಡಿದ ದಿನ ಇಪ್ಪತ್ತು. ದೊಡ್ಡ ಮಗಳು ಮುಚ್ಚಳದ ಒಳಗೆ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾಳೆ. ಮೂರು ತಿಂಗಳಿಗೊಮ್ಮೆ ಸುರಿದು ಎಣಿಸಿ ಅಂಚೆ ಕಚೇರಿಗೆ ಒಯ್ಯುತ್ತೇವೆ. ಹೋದ ಸಲ 1,640 ಇತ್ತು.